ಹಿತ್ತಲ ಕೊಠಡಿಯ ಕ್ರಮವಿಚಾರ

ಮನೆ ಕಟ್ಟುವವನು ಮೊದಲು ಅಡಿಪಾಯವನ್ನು ಹಾಕಿ, ಅನಂತರ ಗೋಡೆಯನ್ನೆಬ್ಬಿಸಿ, ಕಡೆಯಲ್ಲಿ ಮೇಲ್ಛಾವಣಿಯನ್ನು ಹೊದಿಸತಕ್ಕದ್ದೆಂಬುದು ಬಾಲಕರಿಗೂ ತಿಳಿದ ಸಂಗತಿ. ಬಹುಕಾಲ ಹುಡುಗರಿಗೆ ಪಾಠ ಹೇಳಿದ ನಾವೂ ಹಾಗೆಯೇ ನಂಬಿದ್ದೆವು. ಆದರೆ ತಳಕಲ್ಲಿನ ನಮ್ಮ ಹಿತ್ತಲಲ್ಲಿ ಎರಡು ಬೇಸಿಗೆ ದುಡಿದು ಕಟ್ಟಿದ ಒಂದು ಸಣ್ಣ ಕೊಠಡಿಯು ನಮಗೆ ಬೇರೊಂದು ಪಾಠವನ್ನು ಕಲಿಸಿತು. ಅದನ್ನು ಗೃಹಸ್ಥರಾದ ವಾಚಕರಲ್ಲಿ ನಿವೇದಿಸುವುದು ನಿಷ್ಪ್ರಯೋಜನವಾಗಲಾರದೆಂದು ಭಾವಿಸುತ್ತೇವೆ.

ಗುದ್ದಲಿ, ಸಲಿಕೆ, ಕುಳ್ಳು, ಬೀಜದ ಗಡಿಗೆಗಳು ಇವನ್ನೆಲ್ಲ ಇರಿಸಲು 12 ಅಡಿ ಉದ್ದ, 8 ಅಡಿ ಅಗಲದ ಕೊಠಡಿಯೊಂದು ಬೇಕಾಗಿತ್ತು. ಮೊದಲನೆಯ ವರ್ಷ ಶಾಸ್ತ್ರೋಕ್ತವಾಗಿಯೇ ಆರಂಭಿಸಿದೆವು. ಅಡಿಪಾಯವಾಯಿತು, ಹೊಟ್ಟು ಬೆರೆಸಿದ ಮಣ್ಣಿನಿಂದ ನಾವೂ ನಮ್ಮ ಮನೆಯವರೂ ಕೂಡಿ ತಟ್ಟಿದ ಹಸಿ ಇಟ್ಟಿಗೆಗಳಿಂದ 4 ಅಡಿ ಗೋಡೆಯೂ ಎದ್ದಿತು. ಅಷ್ಟರಲ್ಲಿ ರೋಹಿಣಿ ಮಳೆಯು ಒಂದು ರಾತ್ರಿ ಧಾರಾಕಾರವಾಗಿ ಸುರಿಯಿತು. ಬೆಳಗ್ಗೆ ನೋಡಿದರೆ ಗೋಡೆಯು ಕೆಸರಿನ ದಿಬ್ಬವಾಗಿತ್ತು. ನಿವೃತ್ತಿವೇತನದಲ್ಲಿ ಉಳಿಸಿದ ಅಲ್ಪ ಹಣವೂ ಎರಡು ತಿಂಗಳ ಶ್ರಮವೂ ನೀರಿನೊಡನೆ ಹರಿದುಹೋದವು. ಮನೆಯವರು ಏನೂ ಅನ್ನಲಿಲ್ಲ. ಬೀಜದ ಗಡಿಗೆಗಳನ್ನು ಮರಳಿ ಅಡಿಗೆಮನೆಯ ಮೂಲೆಯಲ್ಲಿಟ್ಟರು. ಆ ಮೌನವೇ ನಮಗೆ ಹೆಚ್ಚು ನೋವಾಯಿತು.

ಆ ಮಳೆಗಾಲವೆಲ್ಲ ನಮ್ಮನ್ನು ಕಾಡಿದ ಪ್ರಶ್ನೆಯಿದು: ಕ್ರಮವೆಂದರೇನು? ಆಗ ನಾವು ವಿದ್ಯಾರ್ಥಿದೆಶೆಯಲ್ಲಿ ಓದಿದ ಮೀಮಾಂಸೆಯು ನೆನಪಿಗೆ ಬಂದಿತು. ಜೈಮಿನಿಯ ಸೂತ್ರಗಳ ಐದನೆಯ ಅಧ್ಯಾಯವು ಕ್ರಮವಿಚಾರಕ್ಕೇ ಮೀಸಲಾದುದು. ಹೇಳಿದ ಅನುಕ್ರಮವು ಪಾಠಕ್ರಮ. ಪ್ರಯೋಜನದಿಂದ ಸಿದ್ಧಿಸುವ ಅನುಕ್ರಮವು ಅರ್ಥಕ್ರಮ. ಎರಡಕ್ಕೂ ವಿರೋಧ ಬಂದರೆ ಅರ್ಥಕ್ರಮವೇ ಬಲವತ್ತರವೆಂದು ಮೀಮಾಂಸಕರ ನಿರ್ಣಯ. ಒಂದೆಡೆ ಹೋಮದ ವಿಧಿಯು ಮೊದಲೂ, ಅದಕ್ಕೆ ಬೇಕಾದ ಗಂಜಿಯನ್ನು ಬೇಯಿಸುವ ವಿಧಿಯು ಆಮೇಲೂ ಬರುತ್ತದೆ. ಬೇಯಿಸದ ಗಂಜಿಯನ್ನು ಹೋಮಿಸುವುದೆಂತು? ಆದಕಾರಣ ಬೇಯಿಸುವುದೇ ಮೊದಲು. ಹಾಗೆಯೇ, ಮಣ್ಣಿನ ಗೋಡೆಗೆ ಮಳೆಯೇ ಶತ್ರುವಾಗಿರುವಲ್ಲಿ ಅದನ್ನು ಕಾಯುವ ಮೇಲ್ಛಾವಣಿಯು ಮೊದಲು ಬರುವುದು ಯುಕ್ತವಲ್ಲವೇ?

ವಿಚಾರ ಮಾಡಿದರೆ ಇದು ಹೊಸದೂ ಅಲ್ಲ. ಮದುವೆಯ ಹಂದರಕ್ಕೆ ಗೋಡೆಯೆಲ್ಲಿದೆ? ನಮ್ಮ ಸೀಮೆಯ ಮಾಳಿಗೆಮನೆಗಳ ಪಡಸಾಲೆಯಲ್ಲಿ ಮೇಲಿನ ಮಣ್ಣಿನ ಭಾರವನ್ನು ಹೊರುವವು ಕಂಬ ತೊಲೆಗಳು. ನಮ್ಮೂರಿಗೆ ಸಮೀಪದ ಇಟಗಿಯಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕ್ರಿ. ಶ. 1112ರಲ್ಲಿ ಕಟ್ಟಿಸಿದ ದೇವಾಲಯದ ತೆರೆದ ಮಂಟಪವನ್ನು ನೋಡಿದವರು, ಕಲ್ಲಿನ ಛಾವಣಿಯೂ ಕಂಬಗಳ ಮೇಲೆಯೇ ನಿಲ್ಲಬಲ್ಲುದೆಂಬುದನ್ನು ಬಲ್ಲರು. ಎಲ್ಲೋರದ ಕೈಲಾಸ ದೇವಾಲಯವಂತೂ ಮತ್ತೂ ವಿಚಿತ್ರ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಶಿಲ್ಪಿಗಳು ಒಂದೇ ಬೆಟ್ಟದ ಬಂಡೆಯನ್ನು ಶಿಖರದಿಂದ ಕೆಳಮುಖವಾಗಿ ಕೊರೆಯುತ್ತ ಬಂದರು.

ಮರುವರ್ಷ ಯುಗಾದಿ ಕಳೆದೊಡನೆ ಆರು ಬೇವಿನ ಕಂಬಗಳನ್ನು ತರಿಸಿದೆವು. ಗೌಂಡಿಯು ನಕ್ಕು, “ಮಾಸ್ತರ್ರ, ತಲಿ ಮೊದಲು, ಕಾಲು ಆಮ್ಯಾಲೆ ಅಂದ್ರ ಹೆಂಗ್ರಿ?” ಎಂದನು. ನೆರೆಯ ಹಿರಿಯರು ಇದು ಅಶುಭವೆಂದರು. ಮನೆಯವರು ಮಾತ್ರ, “ಭೂಮಿತಾಯಿಗೆ ಮೊದಲು ಪೂಜೆ ಆದರ ಸಾಕು; ಹೊಸ್ತಿಲ ಪೂಜೆ ಹೊಸ್ತಿಲು ಬಂದಾಗ ಮಾಡೋಣ” ಎಂದು ವಿವಾದವನ್ನು ಮುಗಿಸಿದರು. ಕಂಬಗಳನ್ನು ಒಂದೂವರೆ ಅಡಿ ಹೂಳಿ, ಮೇಲೆ ತೊಲೆಯಿಟ್ಟು, ಪತ್ರಾಸಿನ ತಗಡುಗಳನ್ನು ಮೊಳೆ ಹೊಡೆದು ಕೂಡಿಸಿದೆವು. ನಮ್ಮ ಜಾಣ್ಮೆಗೆ ನಾವೇ ಹಿಗ್ಗಿದೆವು.

ಈ ಹಿಗ್ಗು ಬಹುಕಾಲ ಉಳಿಯಲಿಲ್ಲ. ಕೃತ್ತಿಕೆಯ ಒಂದು ಸಂಜೆ ಬಿರುಗಾಳಿಯೆದ್ದು ಎರಡು ತಗಡುಗಳನ್ನು ಕಿತ್ತೆಸೆಯಿತು. ಎರಡು ಕಂಬಗಳು ವಾಲಿದವು. ಗಳಿಗೆಯ ಮುಂಚೆ ಅದೇ ನೆರಳಿನಲ್ಲಿ ನಮ್ಮ ಮೊಮ್ಮಗನು ಆಡುತ್ತಿದ್ದನು. ಮನೆಯವರು ಅವನನ್ನು ಉಣ್ಣಲು ಕರೆದಿರದಿದ್ದರೆ ಏನಾಗುತ್ತಿತ್ತೆಂದು ಈಗಲೂ ನೆನೆಯಲಾರೆವು.

ತಪ್ಪು ಕ್ರಮದಲ್ಲಿರಲಿಲ್ಲ, ನಮ್ಮ ಅರೆತಿಳಿವಿನಲ್ಲಿತ್ತು. ಗೋಡೆಯಿಲ್ಲದ ಛಾವಣಿಯ ಅಡಿಯಲ್ಲಿ ಗಾಳಿಯು ನುಗ್ಗಿ ಅದನ್ನು ಮೇಲಕ್ಕೆ ನೂಕುತ್ತದೆ. ಮೇಲೆ ಹಾಯುವ ಗಾಳಿಯೂ ಎಳೆಯುತ್ತದೆ. ಛಾವಣಿಯನ್ನು ಹೊರುವುದಷ್ಟೇ ಅಲ್ಲ, ಹಿಡಿದಿಡುವುದೂ ಕಂಬದ ಕೆಲಸ. ಅದರಲ್ಲಿಯೂ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಕಂಬದ ಬುಡವು ಸಡಿಲಾಗುತ್ತದೆ.

ಆದುದರಿಂದ ಪುನಃ ತೋಡಿದೆವು. ಎರೆಯನ್ನು ದಾಟಿ 3 ಅಡಿಯ ಕೆಳಗೆ ಗಟ್ಟಿ ಗರಸು ಸಿಕ್ಕಿತು. ಕಂಬದ ಬುಡಕ್ಕೆ ಗೆದ್ದಲು ಹತ್ತದಂತೆ ಡಾಂಬರು ಬಳಿದು, ಸುತ್ತ ಕಲ್ಲು ಗರಸು ತುಂಬಿ ದಮ್ಮಸು ಮಾಡಿದೆವು. ಕಂಬದಿಂದ ತೊಲೆಗೆ ಓರೆಪಟ್ಟಿಗಳನ್ನೂ ಕಬ್ಬಿಣದ ಪಟ್ಟಿಗಳನ್ನೂ ಬಿಗಿದು, ಮೊಳೆಗಳ ಬದಲು ಕೊಕ್ಕೆಯ ಬೋಲ್ಟುಗಳಿಂದ ತಗಡನ್ನು ಹಿಡಿಸಿದೆವು. ಕಂಬಗಳ ನಡುವೆ ಕಲ್ಲಿನ ತಳಕಟ್ಟನ್ನು ನೆಲದಿಂದ ಒಂದೂವರೆ ಅಡಿ ಎಬ್ಬಿಸಿ, ಅದರ ಮೇಲೆ ಹಸಿ ಇಟ್ಟಿಗೆಯ ಗೋಡೆಯನ್ನು ಕಟ್ಟಿದೆವು. ಸುಡುಬಿಸಿಲಿನಲ್ಲಿ ನಮಗೆ ನೆರಳು. ಇಟ್ಟಿಗೆಯೂ ಮೆಲ್ಲಗೆ ಒಣಗಿ ಬಿರುಕು ಕಡಿಮೆಯಾಯಿತು. ಮಣ್ಣಿನ ಗೋಡೆಯು ಒಣಗುತ್ತ ಕುಗ್ಗುವುದರಿಂದ ಅದಕ್ಕೂ ತೊಲೆಗೂ ನಡುವೆ ಮೂರು ಬೆರಳಿನಷ್ಟು ಸಂದು ಬಿಟ್ಟು, ಅದನ್ನು ಕೊನೆಗೆ ಮುಚ್ಚಿದೆವು. ಬಾಗಿಲ ಚೌಕಟ್ಟು ನಿಂತ ದಿನ ಮನೆಯವರು ಹೊಸ್ತಿಲಿಗೆ ಅರಿಸಿನ ಕುಂಕುಮವನ್ನಿಟ್ಟರು.

ಆ ವರ್ಷವೂ ರೋಹಿಣಿ ಮಳೆಯು ರಾತ್ರಿಯೇ ಬಂದಿತು. ತಗಡಿನ ಮೇಲೆ ಅದರ ಸದ್ದನ್ನು ಕೇಳುತ್ತ ನಾವು ನಿದ್ದೆಯಿಲ್ಲದೆ ಕಳೆದೆವು. ಬೆಳಗ್ಗೆ ಗೋಡೆಯನ್ನು ಮುಟ್ಟಿ ನೋಡಿದರೆ ಒಣಗಿತ್ತು. ಗೌಂಡಿಯೂ ಬಂದು ನೋಡಿ, ತಲೆದೂಗಿ, “ಗಟ್ಟಿ ಐತ್ರಿ” ಎಂದಷ್ಟೇ ಹೇಳಿ ಹೋದನು.

ರೂಢಿಯ ಕ್ರಮವನ್ನು ಹಿರಿಯರು ಕಾರಣವಿಲ್ಲದೆ ಮಾಡಲಿಲ್ಲ. ಅದನ್ನು ಬದಲಿಸಬೇಕೆನ್ನುವವನು, ಆ ಕ್ರಮವು ಯಾವ ಅಪಾಯವನ್ನು ತಡೆಯುತ್ತಿತ್ತೆಂಬುದನ್ನು ಮೊದಲು ವಿಚಾರಿಸಿ, ಅದರ ಭಾರವನ್ನು ತಾನು ಹೊರತಕ್ಕದ್ದು. ಬೀಜದ ಗಡಿಗೆಗಳು ಈಗ ಹಿತ್ತಲ ಕೊಠಡಿಯಲ್ಲಿವೆ. ಮನೆಯವರೇ ತಮ್ಮ ಕೈಯಾರೆ ಒಯ್ದಿಟ್ಟರು.