ಗಳಗನಾಥರು: ಅನುವಾದದ ಹಾದಿಯಲ್ಲಿ ನಾಡಿನ ಕಥನ

ಹಾವೇರಿ ಸೀಮೆಯ ಸಾಹಿತ್ಯ ಪರಂಪರೆಯಲ್ಲಿ ಕನಕದಾಸ, ಸರ್ವಜ್ಞರ ತರುವಾಯ ನೆನೆಯಬೇಕಾದ ಹೆಸರು ಗಳಗನಾಥರದು. ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಹುಟ್ಟೂರಿನ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡರು. ವೃತ್ತಿಯಿಂದ ಶಿಕ್ಷಕರಾಗಿದ್ದ ಇವರನ್ನು ಕನ್ನಡ ಕಾದಂಬರಿಯ ಪಿತಾಮಹರೆಂದು ಗೌರವಿಸಲಾಗಿದೆ. ಆದರೆ ಇವರ ಕಾದಂಬರಿಗಳಲ್ಲಿ ಹಲವು ಮರಾಠಿಯ ಹರಿ ನಾರಾಯಣ ಆಪಟೆಯವರ ಕೃತಿಗಳನ್ನು ಆಧರಿಸಿದವು. ಅನುವಾದಕರೊಬ್ಬರಿಗೆ ಇಂಥ ಗೌರವ ಸಲ್ಲುವುದು ಉಚಿತವೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ.

ಉತ್ತರವನ್ನು ಅಂದಿನ ಪರಿಸ್ಥಿತಿಯಲ್ಲಿ ಅರಸಬೇಕು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಭಾಗದಲ್ಲಿ ಮರಾಠಿಯ ಪ್ರಭಾವ ಗಾಢವಾಗಿತ್ತು; ಓದುಬಲ್ಲ ಕನ್ನಡಿಗರಲ್ಲಿ ಅನೇಕರು ಮರಾಠಿ ಪುಸ್ತಕಗಳನ್ನೇ ಓದುತ್ತಿದ್ದರು. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದಂತೆ, ಗಳಗನಾಥರು ಆ ಓದುಗರು ಮೆಚ್ಚಿದ ಕಥನವನ್ನೇ ಕನ್ನಡಕ್ಕೆ ತಂದು ಅವರನ್ನು ತಾಯ್ನುಡಿಗೆ ಮರಳಿಸಿದರು.

ಅವರ ವಸ್ತುವಿನ ಆಯ್ಕೆಯೂ ಗಮನಾರ್ಹವಾದುದು. ‘ಕಮಲಕುಮಾರಿ’ಯಲ್ಲಿ ಮರಾಠರ ಇತಿಹಾಸವಿದ್ದರೆ, ಆಪಟೆಯವರ ‘ವಜ್ರಾಘಾತ’ವನ್ನು ಆಧರಿಸಿದ ‘ಕನ್ನಡಿಗರ ಕರ್ಮಕಥೆ’ಯಲ್ಲಿ 1565ರ ಯುದ್ಧದಲ್ಲಿ ಕುಸಿದ ವಿಜಯನಗರದ ದುರಂತವಿದೆ. ಮರಾಠಿ ಲೇಖಕರು ಬರೆದ ಕಥೆಗೆ ಗಳಗನಾಥರಿತ್ತ ಶೀರ್ಷಿಕೆಯೇ ಅದನ್ನು ಕನ್ನಡಿಗರ ಆತ್ಮವಿಮರ್ಶೆಯಾಗಿ ಮಾರ್ಪಡಿಸಿತು. 1923ರ ‘ಮಾಧವ ಕರುಣಾವಿಲಾಸ’ದಲ್ಲಿ ಅವರು ಅದೇ ಸಾಮ್ರಾಜ್ಯದ ಸ್ಥಾಪನೆಯನ್ನು ಸ್ವತಂತ್ರವಾಗಿ ಚಿತ್ರಿಸಿದರು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಪ್ರಕಟವಾದುದನ್ನು ನೆನೆದರೆ, ಏಕೀಕರಣದ ಭಾವನೆಗೆ ಕಾದಂಬರಿಯೂ ನೆಲ ಹದಗೊಳಿಸಿದುದು ಸ್ಪಷ್ಟವಾಗುತ್ತದೆ.

ಓದುಗರಿಲ್ಲದೆ ಕಾದಂಬರಿ ಬಾಳದೆಂಬುದನ್ನು ಅವರು ಬಲ್ಲವರಾಗಿದ್ದರು. ಹಾವೇರಿಗೆ ಸಮೀಪದ ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಅವರ ಬರಹ ಮನೆಮನೆಯನ್ನು ಮುಟ್ಟಿತು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಅವರ ಶ್ರಮ ಇಂದಿಗೂ ಜನಜನಿತ. ಲೇಖಕ, ಪ್ರಕಾಶಕ, ಮಾರಾಟಗಾರ ಎಂಬ ಮೂರು ಹೊಣೆಗಳೂ ಹೀಗೆ ಒಬ್ಬರಲ್ಲಿಯೇ ಕೂಡಿದ್ದವು.

ಗಳಗನಾಥರು 1942ರಲ್ಲಿ ತೀರಿಕೊಂಡರು. ಸಂಸ್ಕೃತಭೂಯಿಷ್ಠ ಶೈಲಿ, ಕಥೆಯ ನಡುವೆ ತಲೆಹಾಕುವ ನೀತಿಬೋಧೆ ಇಂದಿನ ಓದಿಗೆ ತೊಡಕೆನಿಸಬಹುದು. ಆದರೆ ಸ್ವೋಪಜ್ಞತೆಯೊಂದನ್ನೇ ಅಳತೆಗೋಲಾಗಿಸಿಕೊಂಡರೆ ಅವರ ಮುಖ್ಯ ಸಾಧನೆ ನಮ್ಮ ಕಣ್ಣಿಗೆ ಬೀಳದು. ಮುಂದಿನ ಕಾದಂಬರಿಕಾರರಿಗೆ ಸಿದ್ಧ ಓದುಗವರ್ಗವೊಂದು ದೊರೆತುದರಲ್ಲಿ ಅವರ ಪಾಲು ಹಿರಿದು. ಪಿತಾಮಹನೆಂಬ ಗೌರವ ಈ ಅರ್ಥದಲ್ಲಿ ಸಾರ್ಥಕವಾಗಿದೆ.