ಬೇಡಿದ್ದು ದೊರೆಯದಾಗ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದು, ವೈದ್ಯರು ಕೈಚೆಲ್ಲಿ ಹೋದಮೇಲೆ ದೇವರನ್ನು ಬೇಡದ ಮನುಷ್ಯನು ವಿರಳ. ಹರಕೆ ಹೊರುವವರು ಹರಕೆ ಹೊರುವರು; ಕ್ರೈಸ್ತರು ಮೊಣಕಾಲೂರಿ ಪ್ರಾರ್ಥಿಸುವರು. ಆದರೆ ಕ್ರೈಸ್ತರಿಗೆ ಇಲ್ಲಿ ಒಂದು ವಿಶೇಷವಾದ ತೊಡಕುಂಟು. ನಂಬಿಕೆಯಿಟ್ಟು ಬೇಡಿದುದು ದೊರೆಯುವುದೆಂದು ಯೇಸುಕ್ರಿಸ್ತನೇ ಮಾತು ಕೊಟ್ಟಿರುವುದನ್ನು ಅವರು ಮಾರ್ಕನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಓದುತ್ತಾರೆ. ಹಾಗಿದ್ದೂ ರೋಗಿಯು ತೀರಿಕೊಂಡರೆ ಏನೆನ್ನಬೇಕು? ಸಂತೈಸಲು ಬಂದವರಲ್ಲಿ ಒಬ್ಬರಾದರೂ, "ನಿಮ್ಮ ನಂಬಿಕೆ ಸಾಲದಾಯಿತೇನೋ" ಎಂದುಬಿಡುವುದುಂಟು. ಆಗತಾನೆ ಹೆಣ ಹೊರಟ ಮನೆಯಲ್ಲಿ ಆಡಲು ಇದಕ್ಕಿಂತ ಕ್ರೂರವಾದ ಮಾತನ್ನು ನಾವು ಕಾಣೆವು. ಅದು ನಿಜವಾದ ಮಾತೂ ಅಲ್ಲ. ಹೇಗೆಂಬುದನ್ನು ತಿಳಿಯಲು ಸಿ. ಎಸ್. ಲೂಯಿಸನೆಂಬ ಇಂಗ್ಲಿಷ್ ಲೇಖಕನ ಬಾಳನ್ನು ವಾಚಕರು ನಮ್ಮೊಡನೆ ತುಸು ನೋಡಬೇಕು.

ಲೂಯಿಸನು 1898ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದನು. ಅವನಿಗಿನ್ನೂ ಒಂಬತ್ತು ವರ್ಷ ವಯಸ್ಸಾಗಿದ್ದಾಗ ತಾಯಿಗೆ ಕ್ಯಾನ್ಸರ್ ರೋಗವು ಬಂದೊದಗಿತು. ನಂಬಿ ಮಾಡಿದ ಪ್ರಾರ್ಥನೆಯು ಸಲ್ಲುವುದೆಂದು ಹಿರಿಯರು ಕಲಿಸಿದ್ದರಾಗಿ, ತಾಯಿಯು ಬದುಕಿಯೇ ಬದುಕುವಳೆಂಬ ನಿಶ್ಚಯವನ್ನು ಬಲವಂತದಿಂದ ಮನಸ್ಸಿನೊಳಗೆ ತಂದುಕೊಳ್ಳಲು ಬಾಲಕನು ಹೆಣಗಿದನು, ತಂದುಕೊಂಡೆನೆಂದೂ ಭಾವಿಸಿದನು. 1908ರ ಆಗಸ್ಟ್ 23ರಂದು, ತಂದೆಯ ಹುಟ್ಟುಹಬ್ಬದ ದಿನವೇ, ಆಕೆಯು ತೀರಿಕೊಂಡಳು. ಆಗಲೂ ಅವನು ಬಿಡಲಿಲ್ಲ. ಇನ್ನು ಪವಾಡವೊಂದು ನಡೆಯುವುದೆಂದು ನಂಬತೊಡಗಿದನು. ಅದೂ ನಡೆಯಲಿಲ್ಲ. 1955ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆತನೇ ಈ ಸಂಗತಿಯನ್ನು ಹೇಳಿ, ಆಗ ತನ್ನ ಪಾಲಿಗೆ ದೇವರು ಒಬ್ಬ ಮಾಂತ್ರಿಕನಂತಿದ್ದನೆಂದೂ, ಬೇಡಿದ ಕೆಲಸವನ್ನು ಮುಗಿಸಿ ಹೊರಟುಹೋದರೆ ಸಾಕಾಗಿತ್ತೆಂದೂ ಬರೆದಿದ್ದಾನೆ. ಮಗುವಿನ ಮಾತು ಹಾಗಿರಲಿ. ದೊಡ್ಡವರಲ್ಲಿಯೂ ಎಷ್ಟೋ ಮಂದಿಯ ಭಕ್ತಿಯು ಈ ಬಗೆಯದೇ ಅಲ್ಲವೆ?

ತಾರುಣ್ಯದಲ್ಲಿ ನಾಸ್ತಿಕನಾಗಿದ್ದ ಲೂಯಿಸನು ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕನಾಗಿದ್ದಾಗ, 1931ರಲ್ಲಿ, ಕ್ರೈಸ್ತ ಧರ್ಮಕ್ಕೆ ಮರಳಿದನು. ಲೋಕದಲ್ಲಿ ನೋವು ಏಕಿದೆಯೆಂಬುದನ್ನು ವಿಚಾರಿಸುವ ಗ್ರಂಥವೊಂದನ್ನು 1940ರಲ್ಲಿ ಪ್ರಕಟಿಸಿದನು. ಅದರಲ್ಲಿ ತರ್ಕಕ್ಕೆ ಕೊರತೆಯಿಲ್ಲ.

ಐವತ್ತು ದಾಟಿದಮೇಲೆ ಆತನಿಗೆ ಜಾಯ್ ಡೇವಿಡ್‌ಮನ್ ಎಂಬ ಅಮೆರಿಕದ ಲೇಖಕಿಯ ಪರಿಚಯವಾಯಿತು. ಆಕೆಯು ಗಂಡನಿಂದ ವಿಚ್ಛೇದನ ಪಡೆದು ಇಬ್ಬರು ಗಂಡುಮಕ್ಕಳೊಡನೆ ಇಂಗ್ಲೆಂಡಿನಲ್ಲಿದ್ದಳು. ಆ ದೇಶದಲ್ಲಿ ಉಳಿಯಲು ಆಕೆಗೆ ಅನುಕೂಲವಾಗಲೆಂದು 1956ರ ಏಪ್ರಿಲಿನಲ್ಲಿ ಸರಕಾರಿ ದಾಖಲೆಯ ಮಟ್ಟಿಗೆ ಇಬ್ಬರೂ ಮದುವೆಯಾದರು. ಅದೇ ವರ್ಷ ಆಕೆಯ ತೊಡೆಯೆಲುಬು ಮುರಿಯಿತು. ಪರೀಕ್ಷಿಸಿದಾಗ ಕ್ಯಾನ್ಸರ್ ಎಲುಬುಗಳಿಗೆ ಹರಡಿದ್ದುದು ತಿಳಿಯಿತು. ಕಳೆದುಕೊಳ್ಳುವ ಹೊತ್ತಿನಲ್ಲಿ ಲೂಯಿಸನಿಗೆ ತನ್ನ ಸ್ನೇಹವು ಪ್ರೇಮವಾಗಿದ್ದುದು ಅರಿವಾಯಿತು. ವಿಚ್ಛೇದಿತೆಯ ಮದುವೆಗೆ ಬಿಷಪ್ಪರು ಒಪ್ಪಲಿಲ್ಲ. ಕೊನೆಗೆ 1957ರ ಮಾರ್ಚ್ 21ರಂದು ಪೀಟರ್ ಬೈಡ್ ಎಂಬ ಪಾದ್ರಿಯು ಆಸ್ಪತ್ರೆಯ ಮಂಚದ ಬಳಿಯಲ್ಲಿಯೇ ವಿವಾಹವನ್ನು ನೆರವೇರಿಸಿ, ರೋಗಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದನು. ಕೆಲವೇ ವಾರಗಳ ಆಯುಸ್ಸೆಂದು ದಾದಿಯರು ಎಣಿಸಿದ್ದ ಆಕೆಯು ಚೇತರಿಸಿಕೊಂಡಳು. ವರ್ಷ ಕಳೆಯುವುದರೊಳಗಾಗಿ ನಡೆದಾಡಿದಳು. ಔಷಧೋಪಚಾರವೂ ನಡೆದಿತ್ತೆಂಬುದನ್ನು ಮರೆಯಲಾಗದು. ಆದರೂ ವೈದ್ಯರೇ ಬೆರಗಾದರು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ಡಂಗುರ ಸಾರುತ್ತಿದ್ದರು. ಲೂಯಿಸನು 1959ರ ಆರಂಭದಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಹೆಸರು ಹೇಳದೆ ಈ ಸಂಗತಿಯನ್ನು ವಿವರಿಸಿ, ಇದರಿಂದ ಏನೂ ಸಿದ್ಧವಾಗುವುದಿಲ್ಲವೆಂದನು. ಪ್ರಾರ್ಥನೆಯೆಂದರೆ ಬಿನ್ನಹ, ಬಿನ್ನಹವನ್ನು ಒಪ್ಪಬಹುದು, ಒಪ್ಪದೆಯೂ ಇರಬಹುದು, ತಪ್ಪದೆ ಫಲಿಸುವುದಾದರೆ ಅದು ಮಂತ್ರವಾದೀತೇ ಹೊರತು ಪ್ರಾರ್ಥನೆಯಾಗದು ಎಂಬುದು ಆತನ ವಾದ. ಸಂತೋಷದ ದಿನಗಳಲ್ಲಿ ಇದನ್ನು ಬರೆದನೆಂಬುದೇ ನಮಗೆ ಮುಖ್ಯವಾಗಿ ತೋರುವುದು.

ಆ ವರ್ಷದ ಅಕ್ಟೋಬರಿನಲ್ಲಿ ರೋಗವು ಮರಳಿತು. ಆಕೆಗೆ ಗ್ರೀಸ್ ದೇಶವನ್ನು ನೋಡುವ ಆಸೆಯಿತ್ತು. 1960ರ ಏಪ್ರಿಲಿನಲ್ಲಿ ದಂಪತಿಗಳು ಹೋಗಿಬಂದರು. ಜುಲೈ 13ರಂದು ಆಕೆಯು ಮರಣಹೊಂದಿದಳು. ಮಕ್ಕಳಿಗೆ ಹದಿನಾರು ಮತ್ತು ಹದಿನಾಲ್ಕು ವರ್ಷ. ಕೈಯಿಟ್ಟು ಪ್ರಾರ್ಥಿಸಿದ ಪಾದ್ರಿಯ ಹೆಂಡತಿಯೂ ಹೆಚ್ಚು ಕಾಲ ಬಾಳಲಿಲ್ಲ. ಆಕೆಯನ್ನು ಒಯ್ದದ್ದೂ ಕ್ಯಾನ್ಸರೇ. ಯಾರ ನಂಬಿಕೆ ಸಾಲದಾಯಿತು? 1957ರಲ್ಲಿ ಸಾಕಾಗಿದ್ದ ನಂಬಿಕೆಯು 1960ರಲ್ಲಿ ಸಾಲದೆಹೋಯಿತೆ?

ಮನೆಯಲ್ಲಿ ಸಿಕ್ಕಿದ ಖಾಲಿ ಪುಸ್ತಕಗಳಲ್ಲಿ ಲೂಯಿಸನು ತನ್ನ ದುಃಖವನ್ನು ಬರೆಯುತ್ತಹೋದನು. ಅದು 1961ರಲ್ಲಿ ಎನ್. ಡಬ್ಲ್ಯೂ. ಕ್ಲರ್ಕ್ ಎಂಬ ಹುಸಿ ಹೆಸರಿನಲ್ಲಿ ಅಚ್ಚಾಯಿತು. ಲೇಖಕನ ನಿಜನಾಮವು ಅದರ ಮೇಲೆ ಬಂದುದು 1963ರಲ್ಲಿ ಆತನು ತೀರಿಕೊಂಡ ಬಳಿಕವೇ. ನೋವಿನ ಬಗ್ಗೆ ಅಷ್ಟು ತರ್ಕಬದ್ಧವಾಗಿ ಬರೆದಿದ್ದವನು ಇಲ್ಲಿ ದೇವರೊಡನೆ ಜಗಳವಾಡುವನು. ದೇವರಿಲ್ಲವೆಂಬ ಶಂಕೆಗಿಂತ, ದೇವರು ಕರುಣೆಯಿಲ್ಲದವನಿರಬಹುದೆಂಬ ಅಂಜಿಕೆಯೇ ಆತನನ್ನು ಹೆಚ್ಚು ಕಾಡಿತು. ಕೊನೆಯ ಪುಟಗಳಲ್ಲಿ ಧ್ವನಿಯು ತಗ್ಗುವುದು. ಉತ್ತರ ಬಂದಿತೆಂದು ಆಗಲೂ ಆತನು ಹೇಳುವುದಿಲ್ಲ. ಆ ಮೌನವು ತಿರಸ್ಕಾರದ ಮೌನವಲ್ಲವೆಂದು ತೋರಿದುದನ್ನಷ್ಟೇ ಹೇಳುವನು. 1940ರ ಗ್ರಂಥಕ್ಕಿಂತ ಈ ಚಿಕ್ಕ ಪುಸ್ತಕವನ್ನೇ ನಾವು ಮನೆಯಲ್ಲಿಟ್ಟುಕೊಳ್ಳಲು ಬಯಸುವೆವು.

ಮಾರ್ಕನ ಸುವಾರ್ತೆಯ ಆ ವಾಗ್ದಾನವು ಆತನನ್ನು ಕೊನೆಯವರೆಗೂ ಬಿಡಲಿಲ್ಲ. ಮರಣಾನಂತರ 1964ರಲ್ಲಿ ಹೊರಬಂದ, ಪ್ರಾರ್ಥನೆಯನ್ನು ಕುರಿತ ಪತ್ರರೂಪದ ಪುಸ್ತಕದಲ್ಲಿ ಅದನ್ನು ಮತ್ತೆ ಎತ್ತಿಕೊಂಡಿರುವನು. ಅಂಥ ನಿಶ್ಚಯವಾದ ನಂಬಿಕೆಯು ಪ್ರವಾದಿಗಳಂಥವರಿಗೆ ದೊರೆತೀತು. ನಮ್ಮಂಥವರು ಮನಸ್ಸನ್ನು ಹಿಂಡಿ ಅದನ್ನು ಹುಟ್ಟಿಸಹೊರಟರೆ ಹುಟ್ಟುವುದು ನಂಬಿಕೆಯಲ್ಲ ಎಂದು ಆತನ ಅಭಿಪ್ರಾಯ. ಒಂಬತ್ತರ ಬಾಲಕನು ಹೆಣಗಿದ್ದು ಅದಕ್ಕಾಗಿಯೇ ಅಲ್ಲವೆ! ಅದಕ್ಕೂ ಮಿಗಿಲಾಗಿ, ಮಾತು ಕೊಟ್ಟ ಯೇಸುವೇ ಗೆತ್ಸೆಮನೆ ತೋಟದಲ್ಲಿ, ಸಾಧ್ಯವಾದರೆ ಈ ಸಂಕಟವು ತನ್ನಿಂದ ತೊಲಗಲೆಂದು ತಂದೆಯನ್ನು ಮೂರು ಸಲ ಬೇಡಿದನು. ಅದು ತೊಲಗಲಿಲ್ಲ, ಮಾರನೆಯ ದಿನ ಶಿಲುಬೆಗೇರಿದನು. ಪೌಲನೂ ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆಯಬೇಕೆಂದು ಮೂರು ಸಲವೇ ಬೇಡಿದನು. ಶೂಲವು ಉಳಿಯಿತು, ಅದನ್ನು ತಾಳಲು ಕೃಪೆಯು ಸಾಕೆಂಬ ಮಾತಷ್ಟೇ ಅವನಿಗೆ ದೊರೆಯಿತು. ಇವರ ನಂಬಿಕೆಯನ್ನು ತೂಗಿನೋಡುವ ತಕ್ಕಡಿ ಯಾರ ಬಳಿಯಲ್ಲಿದೆ?

ಸತ್ಯವೇದದ 88ನೆಯ ಕೀರ್ತನೆಯು ಹಗಲಿರುಳೂ ಕೂಗಿ ಉತ್ತರ ಕಾಣದವನ ಮೊರೆ. ಕತ್ತಲೆಯ ಮಾತಿನಲ್ಲಿಯೇ ಅದು ಮುಗಿಯುವುದು. ಅದನ್ನು ಯಾರೂ ಕಿತ್ತುಹಾಕಲಿಲ್ಲ. ಯೋಬನ ಕಥೆಯನ್ನಂತೂ ಬಹುಮಂದಿ ಬಲ್ಲರು. ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಬಳಿಗೆ ಮೂವರು ಗೆಳೆಯರು ಬಂದು, ಏಳು ದಿವಸ ತುಟಿಪಿಟಕ್ಕೆನ್ನದೆ ನೆಲದ ಮೇಲೆ ಕುಳಿತಿದ್ದರು. ಅಷ್ಟರವರೆಗೆ ಚೆನ್ನಾಗಿಯೇ ನಡೆಯಿತು. ಆಮೇಲೆ ಬಾಯಿ ತೆರೆದು, ದೋಷವು ಯೋಬನಲ್ಲಿಯೇ ಇರಬೇಕೆಂದು ವಿವರಿಸತೊಡಗಿದರು. ಕಥೆಯ ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಕೂಗಾಡಿದ ಯೋಬನ ಮೇಲಲ್ಲ, ಈ ಮೂವರ ಮೇಲೆ. ಅವರಿಗಾಗಿ ಪ್ರಾರ್ಥಿಸುವ ಕೆಲಸವನ್ನು ಯೋಬನಿಗೇ ವಹಿಸಿದನು. ಆ ಪ್ರಾರ್ಥನೆಯು ಸಂದಿತು.