ಇರುಳಿನ ಚಿತ್ರಕ್ಕೆ ಮನೆಯ ಪರದೆ

ಚಿತ್ರಮಂದಿರಗಳಲ್ಲಿ ಓಡಿ ಮುಗಿದ ಚಲನಚಿತ್ರವೊಂದು ಡಿ.ವಿ.ಡಿ.ಯಾಗಿ ಮನೆಗೆ ಬಂದಾಗ, ಅದನ್ನು ಪರೀಕ್ಷಿಸಲು ಕುಳಿತವನು ಎರಡು ತೀರ್ಪುಗಳನ್ನು ಕೊಡಬೇಕಾಗುತ್ತದೆ: ಕೃತಿಯು ಎಂತಹುದೆಂಬುದು ಒಂದು, ಅದನ್ನು ಮುದ್ರಿಕೆಯು ಎಷ್ಟು ನಿಷ್ಠೆಯಿಂದ ಉಳಿಸಿಕೊಂಡಿದೆಯೆಂಬುದು ಮತ್ತೊಂದು. ಸಾಮಾನ್ಯವಾಗಿ ಇವು ಬೇರೆಬೇರೆಯಾಗಿಯೇ ನಿಲ್ಲುವುವು; ಆದರೆ 2002ರ 'ಬ್ಲೇಡ್ 2'ರಂತಹ, ಹಗಲನ್ನೇ ಕಾಣದ ರಕ್ತಪಿಶಾಚಿಗಳ ಸಾಹಸಕಥೆಯಲ್ಲಿ, ಕತ್ತಲೆಯು ಕೆಟ್ಟಿತೆಂದರೆ ಕೃತಿಯೂ ಕೆಟ್ಟಂತೆಯೇ ಸರಿ.

ಮಾರ್ವ್ ವುಲ್ಫ್‌ಮನ್ ಮತ್ತು ಜೀನ್ ಕೋಲನ್ ಎಂಬಿಬ್ಬರು 1973ರಲ್ಲಿ ಮಾರ್ವೆಲ್ ಚಿತ್ರಕಥಾಪತ್ರಿಕೆಗಾಗಿ ಸೃಷ್ಟಿಸಿದ, ರಕ್ತಪಿಶಾಚಿಗಳ ಬೇಟೆಗಾರ ಬ್ಲೇಡನು, 1998ರಲ್ಲಿ ಸ್ಟೀಫನ್ ನಾರಿಂಗ್‌ಟನ್ನನ ನಿರ್ದೇಶನದಲ್ಲಿ ಬೆಳ್ಳಿತೆರೆಗೆ ಬಂದು ಯಶಸ್ವಿಯಾದನಷ್ಟೆ. ಉತ್ತರಭಾಗದ ಹೊಣೆಯು ಮೆಕ್ಸಿಕೋ ದೇಶದ ಗಿಯೆರ್ಮೋ ದೆಲ್ ತೋರೋನ ಪಾಲಿಗೆ ಬಂದಿತು. ರಕ್ತಪಿಶಾಚಿಗಳನ್ನೇ ಬೇಟೆಯಾಡುವ 'ರೀಪರ್'ಗಳೆಂಬ ಹೊಸ ಸಂತತಿಯು ಹುಟ್ಟಲಾಗಿ, ಬ್ಲೇಡನು ತನ್ನ ಆಜನ್ಮ ವೈರಿಗಳೊಡನೆ ಸಂಧಿ ಮಾಡಿಕೊಂಡು, ಮೂಲತಃ ತನ್ನನ್ನು ಕೊಲ್ಲಲೆಂದೇ ಪಳಗಿಸಲ್ಪಟ್ಟ ತುಕಡಿಯೊಂದಕ್ಕೆ ತಾನೇ ಮುಂದಾಳಾಗುವನು. ಸಂದರ್ಭವು ಸ್ವಾರಸ್ಯವಾದದ್ದೇ, ನಿರ್ವಾಹವು ಅಷ್ಟಿಲ್ಲ. ಮೊದಲ ಚಿತ್ರದಲ್ಲಿ ಸತ್ತನೆಂದು ನಾವೆಲ್ಲ ನಂಬಿದ್ದ ಬ್ಲೇಡನ ಗುರು ವಿಸ್ಲರ್ ಮುದುಕನನ್ನು ಇಲ್ಲಿ ಬದುಕಿಸಿಕೊಂಡು ಬಂದು, ಒಂದೇ ರಾತ್ರಿಯ ಚಿಕಿತ್ಸೆಯಿಂದ ಅವನ ಪಿಶಾಚತ್ವವನ್ನು ಕಳೆದಿರುವ ರೀತಿಯನ್ನು ಕಂಡರೆ, ಕಥೆಗಾರ ಡೇವಿಡ್ ಗೋಯರನಿಗೆ ಪಾತ್ರಕ್ಕಿಂತ ನಟ ಕ್ರಿಸ್ ಕ್ರಿಸ್ಟಾಫರ್‌ಸನ್ನನೇ ಬೇಕಾಗಿದ್ದನೆಂದು ತೋರದಿರದು. ಹಾಂಗ್‌ಕಾಂಗಿನ ಹೋರಾಟವಿಶಾರದ ಡಾನಿ ಯೆನ್ನನನ್ನು ಕರೆತಂದು, ಒಂದು ಮಾತನ್ನೂ ಆಡಿಸದೆ, ಕೈಕಾಲುಗಳಿಗೂ ಸಾಕಷ್ಟು ಕೆಲಸ ಕೊಡದೆ ಕಳುಹಿಸಿರುವುದಂತೂ ಅಪವ್ಯಯವೇ.

ಆದರೆ ಪ್ರಾಗ್ ನಗರದಲ್ಲಿ ಚಿತ್ರಿತವಾದ ಇಲ್ಲಿನ ಕತ್ತಲೆಗೆ ಬಣ್ಣವುಂಟು. ಛಾಯಾಗ್ರಾಹಕ ಗೇಬ್ರಿಯೆಲ್ ಬೆರಿಸ್ಟೈನನು ಒಂದೆಡೆ ಗಾಢ ನೀಲಿಯನ್ನೂ ಇನ್ನೊಂದೆಡೆ ಜೇನಿನ ಹಳದಿಯನ್ನೂ ಇರಿಸಿ, ಇವೆರಡರ ನಡುವೆ ಕಪ್ಪನ್ನು ಆಳವಾಗಿ ಬಿಟ್ಟಿದ್ದಾನೆ. ಡಿ.ವಿ.ಡಿ.ಗೆ ಪರಮಶತ್ರು ಇಂತಹ ಕಪ್ಪೇ. ಎರಡು ಪದರಗಳ ಡಿಸ್ಕಿನ ಒಂದು ಮಗ್ಗುಲಿನಲ್ಲಿ ಹಿಡಿಸುವುದು ಸುಮಾರು 8.5 ಗಿಗಾಬೈಟ್ ಮಾತ್ರ. ಚಿತ್ರವನ್ನು ಅದರೊಳಗೆ ಹಿಂಡಿ ತುಂಬುವಾಗ, ಕಣ್ಣಿಗೆ ಕಾಣದೆಂಬ ಧೈರ್ಯದಿಂದ ನೆರಳಿನ ಭಾಗದ ವಿವರಗಳನ್ನೇ ಹೆಚ್ಚಾಗಿ ಕಡಿಯುವುದರಿಂದ, ಕಡಿದದ್ದು ಅತಿಯಾದಲ್ಲಿ ಕಪ್ಪು ಗೋಡೆಯ ಮೇಲೆ ಚೌಕಚೌಕವಾದ ಕಲೆಗಳು ಹರಿದಾಡತೊಡಗುವುವು. ನ್ಯೂ ಲೈನ್ ಸಂಸ್ಥೆಯವರು 2002ರ ಸೆಪ್ಟೆಂಬರಿನಲ್ಲಿ ಹೊರತಂದ ಎರಡು ಡಿಸ್ಕುಗಳ ಆವೃತ್ತಿಯಲ್ಲಿ ಹೆಚ್ಚಿನ ಪರಿಶಿಷ್ಟವನ್ನೆಲ್ಲ ಎರಡನೆಯದಕ್ಕೆ ಸಾಗಿಸಿ, ಮೊದಲನೆಯದನ್ನು ಮುಖ್ಯವಾಗಿ ಚಿತ್ರಕ್ಕೂ ಧ್ವನಿಗೂ ಮೀಸಲಿಟ್ಟದ್ದು ವಿವೇಕದ ಕೆಲಸ. ಚರಂಡಿಯ ಸುರಂಗದೊಳಗೆ ರೀಪರುಗಳು ಗೋಡೆ ಹತ್ತಿ ಬರುವ ಪ್ರಕರಣವನ್ನು ದೀಪವಾರಿಸಿ ನೋಡತಕ್ಕದ್ದು. ಒದ್ದೆಯಾದ ಇಟ್ಟಿಗೆಯ ಹೊಳಪೂ, ಅದರ ಹಿಂದಣ ಇರುಳೂ ಒಂದರೊಳಗೊಂದು ಕಲಸಿಹೋಗದೆ ನಿಲ್ಲುತ್ತವೆ. ಕಿವಿಗೂ ಕೊರತೆಯಿಲ್ಲ. ಡಿಟಿಎಸ್ ಧ್ವನಿಪಥವನ್ನು ಹಾಕಿಕೊಂಡು ಪಿಶಾಚಿಗಳ ನೃತ್ಯಶಾಲೆಯ ದೃಶ್ಯಕ್ಕೆ ಹೋದರೆ, ನೆರೆಮನೆಯವರು ಬಾಗಿಲು ತಟ್ಟುವುದಕ್ಕೆ ತಡವಾಗಲಾರದು.

ಇಷ್ಟು ನಿರ್ಮಲವಾದ ಮುದ್ರಿಕೆಯು ಚಿತ್ರದ ಹುಳುಕನ್ನೂ ಮರೆಮಾಚುವುದಿಲ್ಲ. ಬೆಳಕಿನ ಗೋಡೆಯೊಂದರ ಮುಂದೆ ಬ್ಲೇಡನು ಮುಸುಕುಧಾರಿಗಳಿಬ್ಬರೊಡನೆ ಕಾದಾಡುವಾಗ, ನಟರ ಬದಲು ಗಣಕಯಂತ್ರದ ಬೊಂಬೆಗಳು ಬಂದುಹೋಗುವ ಕೆಲವು ಕ್ಷಣಗಳಿವೆ; ಚಿತ್ರಮಂದಿರದ ಗದ್ದಲದಲ್ಲಿ ಅರೆಗಣ್ಣಿಗೆ ಬಿದ್ದು ಜಾರಿಹೋಗಿದ್ದ ಅವುಗಳ ಭಾರವಿಲ್ಲದ ನೆಗೆತವು, ಬೇಕಾದಲ್ಲಿ ತಡೆದು ನಿಲ್ಲಿಸಬಲ್ಲ ವೀಕ್ಷಕನ ಕೈಗೆ ನಿರಾಯಾಸವಾಗಿ ಸಿಕ್ಕಿಬೀಳುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ರೀಪರುಗಳ ನಾಯಕ ನೋಮಾಕನ ಗದ್ದದ ಮೇಲಿನ ಸೀಳುಗಾಯವು ಇಬ್ಭಾಗವಾಗಿ ತೆರೆದು, ದವಡೆಗಳು ಎಡಬಲಕ್ಕೆ ಹೂವಿನ ಎಸಳಿನಂತೆ ಮಗುಚಿಕೊಳ್ಳುವುದನ್ನು ಎಷ್ಟು ಸಲ ತಡೆದು ನೋಡಿದರೂ ಅಸಹ್ಯವು ಕಡಮೆಯಾಗುವುದಿಲ್ಲ. ಸತ್ತ ರೀಪರನೊಬ್ಬನನ್ನು ಮೇಜಿನ ಮೇಲೆ ಕೊಯ್ದು, ಹೃದಯವನ್ನು ಸುತ್ತುವರಿದ ಎಲುಬಿನ ಕವಚವನ್ನು ತೋರಿಸುವ ದೃಶ್ಯವೂ ಅಂತಹುದೇ. ಇಲ್ಲಿ ನಿರ್ದೇಶಕನಿಗಿರುವುದು ಶರೀರಶಾಸ್ತ್ರದ ಅಧ್ಯಾಪಕನ ತನ್ಮಯತೆ. ಕಥೆಯಲ್ಲಿ ಅವನಿಗೆ ಅಷ್ಟು ಶ್ರದ್ಧೆಯಿದ್ದಂತೆ ಕಾಣುವುದಿಲ್ಲ.

ಈ ಅನುಮಾನವನ್ನು ದೃಢಪಡಿಸುವುದೇ ಎರಡನೆಯ ಡಿಸ್ಕು. ಅದರಲ್ಲಿ ಚಿತ್ರನಿರ್ಮಾಣವನ್ನು ಕುರಿತ ದೀರ್ಘ ಸಾಕ್ಷ್ಯಚಿತ್ರವೊಂದಿದೆ. ಕೈಬಿಟ್ಟ ದೃಶ್ಯಗಳಿವೆ, ಅವುಗಳನ್ನು ದೆಲ್ ತೋರೋ ಸ್ವತಃ ಗೇಲಿಮಾಡುತ್ತ ತೋರಿಸುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ ಅವನ ಟಿಪ್ಪಣಿಪುಸ್ತಕದ ಹಾಳೆಗಳಿವೆ. ಒತ್ತೊತ್ತಾದ ಕೈಬರಹದ ನಡುನಡುವೆ ಅವನೇ ಬರೆದ ಮುಖಗಳೂ ಯಂತ್ರಗಳೂ ಇಣುಕುವ ಆ ಹಾಳೆಗಳನ್ನು ತಿರುವಿದವನಿಗೆ, ಚಿತ್ರವು ಕಥೆಯಿಂದ ಹುಟ್ಟಿದ್ದಲ್ಲ, ಆಕೃತಿಗಳಿಂದ ಹುಟ್ಟಿದ್ದು ಎಂಬುದು ಮನದಟ್ಟಾಗುತ್ತದೆ. ದೂರದರ್ಶನದ ಪರದೆಗೆ ಆ ಅಕ್ಷರಗಳು ತೀರ ಸಣ್ಣವಾದವೆಂಬ ಆಕ್ಷೇಪವು ಮಾತ್ರ ನನ್ನದು. ಪುಸ್ತಕವಾಗಿ ಕೊಟ್ಟಿದ್ದರೆ ಓದಿಕೊಳ್ಳಬಹುದಾಗಿತ್ತು.

ವ್ಯಾಖ್ಯಾನದ ಧ್ವನಿಪಥಗಳು ಎರಡು. ಗೋಯರ್ ಮತ್ತು ನಾಯಕನಟ ವೆಸ್ಲಿ ಸ್ನೈಪ್ಸರದು ಅಭಿಮಾನಿಗಳಿಗೆ ಸಾಕು. ದೆಲ್ ತೋರೋ ಮತ್ತು ನಿರ್ಮಾಪಕ ಪೀಟರ್ ಫ್ರಾಂಕ್‌ಫರ್ಟ್ ಮಾತನಾಡಿರುವುದನ್ನು ಚಿತ್ರವನ್ನು ಮೆಚ್ಚದವರೂ ಕೇಳಬೇಕು. ತನ್ನ ಚಿತ್ರದ ಮೇಲೆ ಭಕ್ತಿಯಿಲ್ಲದೆ, ಆದರೆ ಪ್ರೀತಿಯಿಂದ, ನಗುತ್ತ ನಗಿಸುತ್ತ ಮಾತನಾಡುವ ನಿರ್ದೇಶಕನು ಅಪರೂಪ. ಚಿತ್ರವನ್ನಷ್ಟೇ ತೂಗುವುದಾದರೆ ನಾನು ಇದನ್ನು ಬಾಡಿಗೆಗೆ ತಂದು ನೋಡಿ ಹಿಂದಿರುಗಿಸೆನ್ನುತ್ತಿದ್ದೆ. ಎರಡು ಡಿಸ್ಕುಗಳನ್ನೂ ಒಟ್ಟಿಗೆ ತೂಗಿದ ಮೇಲೆ, ಕೊಂಡು ಕಪಾಟಿನಲ್ಲಿಡಬಹುದೆಂದು ಹೇಳುತ್ತೇನೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ.